ಅಪ್ಪನ ವಾಚು ರಾತ್ರಿ ಎಷ್ಟು ಗಂಟೆಗೆ ನಿಲ್ಲುತ್ತದೆ?

ಕಳೆದ ಮಳೆಗಾಲದಲ್ಲಿ ಅಪ್ಪನಿಗೆ ಸ್ಟ್ರೋಕ್ ಆಯಿತು. ಎಡಗೈ, ಎಡಗಾಲು ಎರಡೂ ಸೋತವು. ಮಾತು ಉಳಿಯಿತು, ಅದು ನಮ್ಮ ಪುಣ್ಯ. ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದು ಉದ್ಯಾವರದ ಮನೆಗೆ ಬಂದ ಮರುದಿನ ಅವರು ಕೇಳಿದ್ದು ಒಂದೇ ವಸ್ತು.

"ಕಪಾಟಿನ ಮೇಲಿನ ಖಾನೆಯಲ್ಲಿ ಬಿಸ್ಕಿಟಿನ ಡಬ್ಬಿ ಉಂಟಲ್ಲ, ಅದ್ರಲ್ಲಿ ನನ್ನ ವಾಚುಂಟು. ತೆಗೆದು ಕೊಡು."

ಕಾರಣ ಸರಳ. ಒಂದೇ ಕೈಯಲ್ಲಿ ಮೊಬೈಲ್ ಹಿಡಿದು ಒತ್ತಲಿಕ್ಕೆ ಆಗುವುದಿಲ್ಲ. ಚಾವಡಿಯ ಗೋಡೆ ಗಡಿಯಾರ ಅವರ ಮಂಚಕ್ಕೆ ಕಾಣುವುದಿಲ್ಲ. ಗಂಟೆ ಎಷ್ಟೆಂದು ಪ್ರತಿ ಸಲ ಅಮ್ಮನನ್ನು ಕರೆದು ಕೇಳುವುದು ಅವರಿಗೆ ಸರಿ ಬರಲಿಲ್ಲ. ಹೊಸದೊಂದು ತಂದುಕೊಡುತ್ತೇನೆ ಎಂದೆ. "ಹೊಸದು ಎಂತಕ್ಕೆ? ಇದ್ದದ್ದು ಉಂಟಲ್ಲ" ಎಂದರು. ಅಲ್ಲಿಗೆ ಮಾತು ಮುಗಿಯಿತು.

ಡಬ್ಬಿ ತೆರೆದೆ. ಹಳೇ ಪಾಸ್‌ಪೋರ್ಟ್, ಎರಡು ದಿರ್ಹಂ ನಾಣ್ಯ, ರಬ್ಬರ್ ಬ್ಯಾಂಡು ಹಾಕಿದ ಕಾಗದದ ಕಟ್ಟು, ತಳದಲ್ಲಿ ವಾಚು. ಸ್ಟೀಲಿನದ್ದು, ಬೆಳ್ಳಿ ಬಣ್ಣದ ಡಯಲ್, ಅದರ ಮೇಲೆ ಸೀಕೋ ಎಂಬ ಹೆಸರು, ಕೆಳಗೆ ಸಣ್ಣ 5. ನಾನು ಹುಟ್ಟುವ ಮೊದಲಿನಿಂದ ಅಪ್ಪನ ಕೈಯಲ್ಲಿದ್ದದ್ದು. ಅವರು ರಜೆಗೆ ಬಂದಾಗ ಅವರ ತೊಡೆಯ ಮೇಲೆ ಕೂತು ನಾನು ನೋಡುತ್ತಿದ್ದದ್ದು ತಾರೀಕಿನ ಪಕ್ಕದ ಸಣ್ಣ ಕಿಟಕಿಯಲ್ಲಿ ಕಾಣುವ ವಂಕಿಟಂಕಿ ಗೆರೆಗಳನ್ನು. ಅದು ಹಕ್ಕಿಯ ಚಿತ್ರ ಎಂದುಕೊಂಡಿದ್ದೆ. ಅರಬ್ಬಿಯಲ್ಲಿ ವಾರದ ಹೆಸರು ಎಂದು ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ.

2011ರಲ್ಲಿ ದುಬೈ ಬಿಟ್ಟು ಬಂದ ಮೇಲೆ ಅದು ಒಂದು ದಿನ ನಿಂತಿತು. ನಿಂತದ್ದನ್ನು ಡಬ್ಬಿಗೆ ಹಾಕಿದರು. ಅಷ್ಟೇ.

ನಾನು ವಾಚನ್ನು ಕೈಗೆತ್ತಿಕೊಂಡು ಮಾಡಿದ ಮೊದಲ ಕೆಲಸವೇ ತಪ್ಪು. ಕೀ ಕೊಡಲು ಹೋದೆ. ನಾಲ್ಕರ ಅಂಕಿಯ ಪಕ್ಕ ಅರ್ಧ ಹುದುಗಿ ಕೂತ ತಿರುಪನ್ನು ಎಷ್ಟು ತಿರುಗಿಸಿದರೂ ಏನೂ ಬಿಗಿಯಾಗಲಿಲ್ಲ. ಮುರಿದೇ ಹೋಗಿದೆ ಎಂದು ತೀರ್ಮಾನಿಸಿದೆ. ಆಮೇಲೆ ಓದಿದಾಗ ಗೊತ್ತಾಯಿತು, ಈ ಜಾತಿಯ ವಾಚಿಗೆ ಕೀ ಕೊಡುವ ವ್ಯವಸ್ಥೆಯೇ ಇಲ್ಲ. ಕೈ ಅಲ್ಲಾಡಿದರೆ ಅದಕ್ಕೆ ಊಟ, ಇಲ್ಲದಿದ್ದರೆ ಇಲ್ಲ. ತಿರುಪು ಇರುವುದು ಗಂಟೆ, ತಾರೀಕು ಸರಿ ಮಾಡಲು ಮಾತ್ರ. ದಿನಾ ಮುಟ್ಟಬೇಕಾದದ್ದಲ್ಲ ಎಂದೇ ಅದನ್ನು ಅರ್ಧ ಅಡಗಿಸಿ ಇಟ್ಟದ್ದು. ಈ ಸಂಗತಿ ನೆನಪಿಡಿ, ಮುಂದೆ ಬೇಕಾಗುತ್ತದೆ.

ಮೊದಲು ಹೋದ ಅಂಗಡಿಯಲ್ಲಿ ಹುಡುಗ ಒಂದು ನಿಮಿಷವೂ ನೋಡಲಿಲ್ಲ. "ಇದ್ರ ಮೆಷಿನ್ ತೆಗೆದು ಸೆಲ್ಲಿನ ಮೆಷಿನ್ ಕೂರಿಸುವ ಸಾರ್. ಡಯಲ್ಲಿಗೂ ಹೊಸ ಪೈಂಟ್ ಹೊಡೆಸಿ ಕೊಡ್ತೇನೆ. ನೀಲಿ ಬೇಕಾ, ಕೇಸರಿ ಬೇಕಾ?" ಎಂದ. ನನಗೆ ಸಂಜೆ ನಾಲ್ಕಕ್ಕೆ ಕಂಪೆನಿಯ ಮೀಟಿಂಗ್ ಇತ್ತು. ಸರಿ, ನಾಳೆ ಬರುತ್ತೇನೆ ಎಂದು ಸ್ಕೂಟರ್ ಹತ್ತಿದೆ. ಮೀಟಿಂಗ್ ಇಲ್ಲದಿದ್ದರೆ ಅಂದೇ ಕೊಟ್ಟು ಬರುತ್ತಿದ್ದೆನೋ ಏನೋ.

ರಾತ್ರಿ ಕೂತು ಆ ವಾಚಿನ ಹಿಂಬದಿಯನ್ನು ಓದಿದೆ. ಓದಿದೆ ಎಂದೇ ಹೇಳಬೇಕು, ಯಾಕೆಂದರೆ ಸೀಕೋದವರು ಮುಚ್ಚಳದ ಮೇಲೆ ಜಾತಕವನ್ನೇ ಕೆತ್ತಿರುತ್ತಾರೆ. ನಿಮ್ಮ ಮನೆಯಲ್ಲೂ ಮಾವನದ್ದೋ ಚಿಕ್ಕಪ್ಪನದ್ದೋ ಇಂಥದ್ದೊಂದು ಇದ್ದರೆ ತಿರುಗಿಸಿ ನೋಡಿ. ಅಲ್ಲಿ ನಾಲ್ಕು ಅಂಕಿ, ಒಂದು ಅಡ್ಡಗೆರೆ, ಮತ್ತೆ ನಾಲ್ಕು ಅಂಕಿ ಅಥವಾ ಅಕ್ಷರ ಇರುತ್ತದೆ. ಮೊದಲ ನಾಲ್ಕು ಒಳಗಿನ ಮೆಷಿನ್ನಿನ ಸಂಖ್ಯೆ, ನಂತರದ ನಾಲ್ಕು ಹೊರಗಿನ ಕವಚದ್ದು. ಅಪ್ಪನದ್ದು 7009. ಡಯಲ್ಲಿನ ತೀರಾ ಕೆಳತುದಿಯಲ್ಲಿ, ಆರರ ಗುರುತಿನ ಎರಡೂ ಬದಿಯಲ್ಲಿ, ಇರುವೆ ಗಾತ್ರದ ಅಕ್ಷರಗಳಲ್ಲಿ ಅದೇ 7009 ಇನ್ನೊಮ್ಮೆ ಇರುತ್ತದೆ. ಹಿಂದೆ ಒಂದು, ಮುಂದೆ ಇನ್ನೊಂದು ಇದ್ದರೆ ಯಾರೋ ಎಲ್ಲೋ ಎರಡು ವಾಚು ಸೇರಿಸಿ ಒಂದು ಮಾಡಿದ್ದಾರೆಂದು ಅನುಮಾನಿಸಬಹುದು.

ಇದು ಸುಮ್ಮನೆ ಹೇಳುವ ಮಾತಲ್ಲ. ಹಳೇ ವಾಚಿನ ಹುಚ್ಚಿರುವವರ ನಡುವೆ 'ಬಾಂಬೆ ಸ್ಪೆಷಲ್' ಎಂಬ ಮಾತೇ ಇದೆ. ಹತ್ತು ವಾಚಿನ ಬಿಡಿಭಾಗ ಕೂಡಿಸಿ, ಡಯಲ್ಲಿಗೆ ಹೊಳೆಯುವ ಕೇಸರಿಯೋ ಗಿಳಿಹಸಿರೋ ಬಣ್ಣ ಬಳಿದು, ಅಪರೂಪದ ಹಳೇ ವಾಚು ಎಂದು ಮಾರುವುದು. ಬಣ್ಣ ಎಷ್ಟು ಚೆಂದ ಇದ್ದರೂ ಅಕ್ಷರದ ಅಂಚು ಭೂತಗನ್ನಡಿಯಲ್ಲಿ ನೋಡಿದರೆ ಒದ್ದೆ ಕಾಗದದ ಮೇಲೆ ಶಾಯಿ ಹರಡಿದ ಹಾಗೆ ಕಾಣುತ್ತದೆ, ಕೆಳತುದಿಯ ಆ ಸಣ್ಣ ಸಂಖ್ಯೆ ಎಷ್ಟೋ ಸಲ ಮಾಯವಾಗಿರುತ್ತದೆ. ನಲವತ್ತು ವರ್ಷದ ವಾಚಿನ ಮುಖದಲ್ಲಿ ಒಂದೂ ಕಲೆ ಇಲ್ಲ ಎಂದರೆ ಸಂತೋಷಪಡುವ ಬದಲು ಸಂಶಯಪಡಬೇಕು. ಆ ಹುಡುಗ ನನಗೆ ಪ್ರೀತಿಯಿಂದ ಮಾಡಿಕೊಡಲು ಹೊರಟದ್ದು ಅದನ್ನೇ.

ಮುಚ್ಚಳದಲ್ಲಿ ಇನ್ನೂ ಒಂದು ಸಂಖ್ಯೆ ಇದೆ, ಆರು ಸ್ಥಾನದ್ದು. ಅದರ ಮೊದಲ ಅಂಕಿ ತಯಾರಾದ ವರ್ಷದ ಕೊನೆಯ ಅಂಕಿ. ಎರಡನೆಯದು ತಿಂಗಳು. ಒಂದರಿಂದ ಒಂಬತ್ತರವರೆಗೆ ಜನವರಿಯಿಂದ ಸೆಪ್ಟೆಂಬರ್, ಅಕ್ಟೋಬರಿಗೆ ಓ, ನವೆಂಬರಿಗೆ ಎನ್, ಡಿಸೆಂಬರಿಗೆ ಡಿ. ಒಂದೇ ಜಾಗದಲ್ಲಿ ಹನ್ನೆರಡು ತಿಂಗಳನ್ನು ಕೂರಿಸಿದ ಜಾಣತನ ನೋಡಿ ನನಗೆ ಖುಷಿಯಾಯಿತು. ದಶಕ ಯಾವುದೆಂದು ಮಾತ್ರ ಸಂಖ್ಯೆ ಹೇಳುವುದಿಲ್ಲ. ಅದನ್ನು ನಾವೇ ಬೇರೆ ಸಾಕ್ಷಿಯಿಂದ ಹಿಡಿಯಬೇಕು. ನಮ್ಮ ವೃತ್ತಿಯಲ್ಲಿ ವರ್ಷಕ್ಕೆ ಎರಡೇ ಅಂಕಿ ಬರೆದದ್ದಕ್ಕೆ 2000ನೇ ಇಸವಿ ಬರುವಾಗ ಲೋಕವೆಲ್ಲ ಹೆದರಿ ಕೂತಿತ್ತು. ಇವರು ಒಂದೇ ಅಂಕಿಯಲ್ಲಿ ನಿಶ್ಚಿಂತೆಯಿಂದ ಇದ್ದರು.

ಅಪ್ಪನ ವಾಚಿನಲ್ಲಿ 4, ಅದರ ಮುಂದೆ ಎನ್. 1974ರದ್ದು ಆಗಲಿಕ್ಕಿಲ್ಲ, 7009 ಅದಕ್ಕಿಂತ ಈಚಿನ ಮೆಷಿನ್. 1994ರದ್ದೂ ಅಲ್ಲ, ಯಾಕೆಂದರೆ 1991ರ ಮದುವೆಯ ಫೋಟೋದಲ್ಲಿ ಅಪ್ಪ ಅಮ್ಮನ ಕೈ ಹಿಡಿದಿದ್ದಾರೆ, ಶರ್ಟಿನ ತೋಳಿನ ಹೊರಗೆ ಇದೇ ವಾಚು ಕಾಣುತ್ತದೆ. ಫೋಟೋ ತೆಗೆಯುವವರಿಗೆ ಕಾಣಲಿ ಎಂದೇ ತೋಳು ಸ್ವಲ್ಪ ಮೇಲಕ್ಕೆ ಎಳೆದದ್ದು ಎಂದು ಅಮ್ಮನ ಅಭಿಪ್ರಾಯ. ಹಾಗಾದರೆ 1984ರ ನವೆಂಬರ್.

ಆದರೆ ಲೆಕ್ಕ ಕೂಡಿ ಬರಲಿಲ್ಲ. ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಕಥೆ ಎಂದರೆ, ಅಪ್ಪ 1982ರಲ್ಲಿ ದುಬೈಗೆ ಹೋದರು, ಮೊದಲ ಸಂಬಳದಲ್ಲಿ ಈ ವಾಚು ತೆಗೆದರು. ಅಜ್ಜಿ ಇದ್ದಾಗ ಬಂದವರಿಗೆಲ್ಲ ಹೇಳುತ್ತಿದ್ದದ್ದು ಇದನ್ನೇ. 1984ರಲ್ಲಿ ಜಪಾನಿನಲ್ಲಿ ತಯಾರಾದ ವಾಚನ್ನು 1982ರಲ್ಲಿ ಕೊಳ್ಳುವುದು ಹೇಗೆ?

ಬೆಳಿಗ್ಗೆ ಚಾ ಕೊಟ್ಟು ಅಪ್ಪನ ಹತ್ತಿರ ಕೂತು ಕೇಳಿದೆ. ಪ್ರೋಗ್ರಾಮಿನಲ್ಲಿ ತಪ್ಪು ಹಿಡಿದವನ ಉತ್ಸಾಹ ನನ್ನಲ್ಲಿತ್ತು, ಈಗ ನೆನೆಸಿದರೆ ಸ್ವಲ್ಪ ನಾಚಿಕೆ.

ಅಪ್ಪ ಮುಚ್ಚಳದ ಸಂಖ್ಯೆಯ ಮೇಲೆ ಬಲಗೈ ಹೆಬ್ಬೆರಳಾಡಿಸಿದರು. "ಮೊದಲ ಸಂಬಳದ್ದೇ ಮಾರಾಯ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಸಾಲ ತೀರಿದ ಮೇಲಿನ ಮೊದಲ ಸಂಬಳ. ಅದಕ್ಕಿಂತ ಹಿಂದಿನದ್ದು ಯಾವುದೂ ನಂದಲ್ಲ."

ಆಮೇಲೆ ಒಂದೊಂದಾಗಿ ಹೊರಗೆ ಬಂತು. ಆ ಕಾಲದಲ್ಲಿ ಬಜ್ಪೆಯಿಂದ ಗಲ್ಫಿಗೆ ವಿಮಾನ ಇರಲಿಲ್ಲ, ಅದು ಬಂದದ್ದು 2006ರಲ್ಲಿ. ಕೊಂಕಣ ರೈಲೂ ಇರಲಿಲ್ಲ. ಉಡುಪಿಯಿಂದ ಬಸ್ಸಿನಲ್ಲಿ ಬೊಂಬಾಯಿಗೆ ಹೋಗಿ, ಅಲ್ಲಿ ಊರಿನವರೊಬ್ಬರ ಕೋಣೆಯಲ್ಲಿ ಏಳೆಂಟು ಜನರ ಜತೆ ಮಲಗಿ, ವೀಸಾ ಬರುವವರೆಗೆ ಕಾಯುವುದು. ಏಜೆಂಟರಿಗೆ ಸರಕಾರದ ನೋಂದಣಿ ಕಡ್ಡಾಯ ಮಾಡಿದ ವಲಸೆ ಕಾಯ್ದೆ ಬಂದದ್ದು 1983ರಲ್ಲಿ, ಅಪ್ಪ ಹೋದ ಮೇಲೆ. ಅವರ ಏಜೆಂಟ ಕೇಳಿದ್ದೇ ದರ. ಅಜ್ಜಿಯ ಸರ ಅಡವು ಹೋಯಿತು, ಸಾಕಾಗದೆ ಉಳಿದದ್ದು ಬಡ್ಡಿಗೆ. ಅಲ್ಲಿ ಹೋಗಿ ನೋಡಿದರೆ ಹೇಳಿದ ಸಂಬಳ ಬೇರೆ, ಕೊಟ್ಟ ಸಂಬಳ ಬೇರೆ. ಇಲೆಕ್ಟ್ರೀಶಿಯನ್ ಎಂದು ಕರಕೊಂಡು ಹೋಗಿ ಎರಡು ವರ್ಷ ವಯರ್ ಎಳೆಯುವ ಹೆಲ್ಪರ್ ಮಾಡಿ ಇಟ್ಟರು. ಬಂದದ್ದೆಲ್ಲ ಊರಿಗೆ, ಸಾಲಕ್ಕೆ.

"ಅಜ್ಜಿಗೆ ಗೊತ್ತಿತ್ತಾ?"

"ಸಾಲ ಗೊತ್ತಿತ್ತು. ಎರಡು ವರ್ಷ ಹಿಡೀತು ಅಂತ ಗೊತ್ತಿರ್ಲಿಲ್ಲ. ಕಾಗದದಲ್ಲಿ ನಾನೇ ಬರೆದದ್ದಲ್ವಾ, ಬಂದ ಕೂಡಲೇ ವಾಚು ತೆಗೆದೆ ಅಂತ."

ಒಳಗಿನಿಂದ ಅಮ್ಮ ಬಂದು ಬಾಗಿಲಲ್ಲಿ ನಿಂತಿದ್ದರು. "ನನ್ನತ್ರವೂ ಹೇಳ್ಲಿಲ್ಲ ನೀವು" ಎಂದರು. ಅಪ್ಪ ಚಾ ಕುಡಿದರು.

ಮೆಷಿನ್ ಬದಲಿಸುವ, ಡಯಲ್ಲಿಗೆ ಪೈಂಟ್ ಹೊಡೆಸುವ ಯೋಚನೆಯನ್ನು ನಾನು ಅಲ್ಲಿಗೇ ಬಿಟ್ಟೆ. ಆದರೆ ಬುದ್ಧಿ ಪೂರ್ತಿ ಬಂದಿತ್ತೆಂದಲ್ಲ. ಇಂಜಿನಿಯರಿಂಗ್ ಓದಿದವನಿಗೆ ಒಂದು ಮುಚ್ಚಳ ತೆಗೆಯಲಿಕ್ಕೆ ಬಾರದಾ ಎಂದು ಹಳೇ ಜಿಯಾಮೆಟ್ರಿ ಪೆಟ್ಟಿಗೆಯ ಡಿವೈಡರ್ ತೆಗೆದುಕೊಂಡು ಒತ್ತಿ ತಿರುಗಿಸಿದೆ. ಜಾರಿತು. ಹಿಂಬದಿಯಲ್ಲಿ ಉದ್ದಕ್ಕೊಂದು ಗೀರು ಬಿತ್ತು, ಸರಿಯಾಗಿ 4ರ ಪಕ್ಕದಲ್ಲಿ. ಇನ್ನೊಂದು ಕೂದಲೆಳೆಯಷ್ಟು ಸರಿದಿದ್ದರೆ ವರ್ಷವೇ ಅಳಿಸಿ ಹೋಗುತ್ತಿತ್ತು. ದಯವಿಟ್ಟು ಮನೆಯಲ್ಲಿ ತೆರೆಯಬೇಡಿ. ಇನ್ನೂ ಒಂದು ಮಾತು, ನನ್ನ ಸೋದರತ್ತೆಯ ಮಗ ಸಲಹೆ ಕೊಟ್ಟ ಹಾಗೆ ಸೀಮೆ‌ಎಣ್ಣೆ, ತೆಂಗಿನೆಣ್ಣೆ, ಹೊಲಿಗೆ ಮೆಷಿನ್ನಿನ ಎಣ್ಣೆ ಯಾವುದನ್ನೂ ಬಿಡಬೇಡಿ.

ಕೊನೆಗೆ ಉಡುಪಿಯಲ್ಲಿ ಬಸ್‌ಸ್ಟ್ಯಾಂಡಿನಿಂದ ಒಳಗೆ ಹೋಗುವ ಸಂದಿನಲ್ಲಿ ಒಬ್ಬ ಹಿರಿಯರು ಸಿಕ್ಕಿದರು. ಎಪ್ಪತ್ತು ದಾಟಿದವರು. ಅಂಗಡಿ ಎಂದರೆ ಒಂದು ಮೇಜು, ಒಂದು ಗಾಜಿನ ಪೆಟ್ಟಿಗೆ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಕನ್ನಡಿ. ವಾಚನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅತ್ತಿತ್ತ ತೂಗಿದರು. ಒಳಗಿನ ಗುಂಡು ಸರ್ರನೆ ತಿರುಗಿದ ಸದ್ದು ನನಗೂ ಕೇಳಿತು. ಎರಡು ಸಲ ಟಿಕ್ ಎಂದು ನಿಂತಿತು.

"ಸತ್ತಿಲ್ಲ, ಒಣಗಿದೆ" ಎಂದರು.

ಅವರ ಪೆಟ್ಟಿಗೆಯಲ್ಲಿ ಹೆಚ್ಚು ಇದ್ದದ್ದು ಎಚ್‌ಎಂಟಿ. ಕನ್ನಡನಾಡಿನ ಹಳೇ ವಾಚು ಎಂದರೆ ಅದೇ ತಾನೆ? 1961ರಲ್ಲಿ ಜಪಾನಿನ ಸಿಟಿಜನ್ ಕಂಪೆನಿಯ ಸಹಕಾರದಲ್ಲಿ ಬೆಂಗಳೂರಿನಲ್ಲಿ ಕಾರ್ಖಾನೆ ಶುರುವಾಯಿತು, ಮುಂದೆ ತುಮಕೂರಿನಲ್ಲೂ ಒಂದು. ನನ್ನ ಅಜ್ಜನ ಕೈಯಲ್ಲಿದ್ದದ್ದು ಜನತಾ, ದಿನಾ ಕೀ ಕೊಡುವ ಜಾತಿ. ರಜತ್, ಕಾಂಚನ್ ಎಂಬ ಆಟೊಮ್ಯಾಟಿಕ್‌ಗಳೂ ಎಚ್‌ಎಂಟಿಯಲ್ಲಿ ಇದ್ದವು. 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟ ಎಚ್‌ಎಂಟಿ ವಾಚಸ್ ಕಂಪೆನಿಯನ್ನು ಮುಚ್ಚಲು ತೀರ್ಮಾನಿಸಿತು. "ಎಚ್‌ಎಂಟಿ ಆದ್ರೆ ಒಂದು ಹಾಳಾದದ್ರ ಪಾರ್ಟು ಇನ್ನೊಂದಕ್ಕೆ ಹಾಕಿ ಹೇಗಾದ್ರೂ ನಡೆಸ್ತೇನೆ. ಗಲ್ಫಿನ ವಾಚು ತರುವವ್ರು ಈಗ ಕಡಿಮೆ. ಒಂದು ಕಾಲದಲ್ಲಿ ಈ ಬೀದಿಯಲ್ಲಿ ಯಾರ ಕೈ ನೋಡಿದ್ರೂ ಅದೇ" ಎಂದರು ಹಿರಿಯರು.

ಮೂರು ವಾರ ಬೇಕು ಎಂದರು, ಒಂದು ಸಾವಿರದ ಆರುನೂರು ರೂಪಾಯಿ. ಬಿಚ್ಚುವಾಗ ನೋಡಬೇಕಿತ್ತು ಎಂದು ಕೇಳಿದೆ. ಶನಿವಾರ ಬನ್ನಿ, ಮಾತಾಡಬಾರದು ಎಂದರು.

ಹಿಂದಿನ ಮುಚ್ಚಳ ತೆಗೆದಾಗ ಒಳಬದಿಗೆ ಕಂದು ತುಕ್ಕು ಹಿಡಿದಿತ್ತು. ನೀರು ಹೋಗದಂತೆ ಹಾಕಿದ್ದ ರಬ್ಬರ್ ಉಂಗುರ ಒಣಗಿದ ಹುಣಸೆನಾರಿನ ಹಾಗಾಗಿ ಚಿಮಟದಲ್ಲಿ ಮುಟ್ಟಿದ್ದೇ ತುಂಡಾಯಿತು. ನಮ್ಮ ಊರಿನಲ್ಲಿ ಒಂದು ಕಡೆ ಹೊಳೆ, ಇನ್ನೊಂದು ಕಡೆ ಪಿತ್ರೋಡಿಯ ಕಡಲು. ಕಿಟಕಿಯ ಸರಳೇ ಮೂರು ವರ್ಷದಲ್ಲಿ ಸಿಪ್ಪೆ ಏಳುತ್ತದೆ, ಇದಕ್ಕೇನು ವಿನಾಯಿತಿ?

ಅದರ ಕೆಳಗೆ ಅರ್ಧಚಂದ್ರದ ಆಕಾರದ ಭಾರ, ರೋಟರ್. ಕೈ ಅಲ್ಲಾಡಿದಾಗ ತಿರುಗುವುದು ಇದು. ಇದು ಬಲಕ್ಕೂ ತಿರುಗುತ್ತದೆ, ಎಡಕ್ಕೂ ತಿರುಗುತ್ತದೆ, ಆದರೆ ಸ್ಪ್ರಿಂಗ್ ಸುತ್ತಬೇಕಾದದ್ದು ಒಂದೇ ದಿಕ್ಕಿಗೆ. ಇದಕ್ಕೆ ಸೀಕೋದವರು 1959ರಲ್ಲಿ ಕಂಡುಕೊಂಡ ಉಪಾಯ 'ಮ್ಯಾಜಿಕ್ ಲಿವರ್'. ಎರಡು ಕೊಂಡಿ ಇರುವ ಒಂದು ತೆಳು ಲೋಹದ ತುಂಡು, ಕಡ್ಡಿಪೆಟ್ಟಿಗೆಯ ಕಡ್ಡಿಯಷ್ಟೂ ಇಲ್ಲ. ರೋಟರ್ ಒಂದು ಕಡೆ ತಿರುಗಿದಾಗ ಒಂದು ಕೊಂಡಿ ಹಲ್ಲಿನ ಚಕ್ರವನ್ನು ಎಳೆಯುತ್ತದೆ, ಮತ್ತೊಂದು ಕಡೆ ತಿರುಗಿದಾಗ ಇನ್ನೊಂದು ಕೊಂಡಿ ಅದೇ ಚಕ್ರವನ್ನು ಅದೇ ದಿಕ್ಕಿಗೆ ತಳ್ಳುತ್ತದೆ. ಬಾವಿಯಿಂದ ನೀರು ಸೇದುವಾಗ ಹಗ್ಗ ಕೆಳಗೆ ಹೋಗುವಾಗಲೂ ಮೇಲೆ ಬರುವಾಗಲೂ ಕೊಡ ತುಂಬಿದರೆ ಹೇಗೋ ಹಾಗೆ. ಸಾವಿರಾರು ಸಾಲು ಕೋಡ್ ಬರೆದು ಬದುಕುವ ನಾನು ಆ ತುಂಡನ್ನು ಬಹಳ ಹೊತ್ತು ನೋಡಿದೆ.

ಪೂರ್ತಿ ಸುತ್ತಿದ ಮೇಲೆ ಹೆಚ್ಚು ಸುತ್ತಿ ತುಂಡಾಗುವುದಿಲ್ಲವೇ ಎಂದು ಮಾತಾಡಬಾರದೆಂಬ ಷರತ್ತು ಮುರಿದು ಕೇಳಿದೆ. ಆಗುವುದಿಲ್ಲ. ಕೀ ಕೊಡುವ ವಾಚಿನಲ್ಲಿ ಸ್ಪ್ರಿಂಗಿನ ಹೊರತುದಿ ಡಬ್ಬಿಯ ಗೋಡೆಗೆ ಕೊಕ್ಕೆ ಹಾಕಿ ಕೂತಿರುತ್ತದೆ. ಆಟೊಮ್ಯಾಟಿಕ್‌ನಲ್ಲಿ ಅದು ಗೋಡೆಗೆ ಒತ್ತಿಕೊಂಡಿರುತ್ತದೆ ಅಷ್ಟೇ, ತುಂಬಿದ ಮೇಲೆ ಜಾರುತ್ತದೆ. ಹೊಟ್ಟೆ ತುಂಬಿದ ಮೇಲೆ ಬಡಿಸಿದ್ದನ್ನು ಎಲೆಯಲ್ಲೇ ಬಿಡುವ ಮಕ್ಕಳ ಹಾಗೆ.

ಬಿಡಿಭಾಗಗಳನ್ನೆಲ್ಲ ಬಿಳಿ ಪೆಟ್ರೋಲಿನಲ್ಲಿ ತೊಳೆದರು. ಹದಿನೇಳು ಕಲ್ಲಿನ ಮೆಷಿನ್ ಅದು, ಕಲ್ಲು ಎಂದರೆ ಕೃತಕ ಮಾಣಿಕ್ಯ, ಚಕ್ರದ ಅಚ್ಚು ಸವೆಯದಂತೆ ಕೂರಿಸಿದ್ದು. ಆ ಕಲ್ಲಿನ ಗುಳಿಯಲ್ಲಿದ್ದ ಎಣ್ಣೆ ವರ್ಷಗಳಲ್ಲಿ ಗೋಂದಾಗಿತ್ತು. ವಾಚು ನಿಂತದ್ದು ಅದಕ್ಕೇ, ಯಾವ ಭಾಗವೂ ಮುರಿದಿರಲಿಲ್ಲ. ಹೊಸ ಎಣ್ಣೆಯನ್ನು ಸೂಜಿಗಿಂತ ತೆಳುವಾದ ಕಡ್ಡಿಯ ತುದಿಯಿಂದ ಮುಟ್ಟಿಸಿದರು. ಹನಿ ಎಂದು ಕರೆದರೆ ಹೆಚ್ಚಾಯಿತು, ಅಷ್ಟು ಸಣ್ಣದು. ಹೆಚ್ಚಾದರೆ ಅದು ಹರಿದು ಬೇರೆ ಕಡೆ ಸೇರಿ ಧೂಳು ಹಿಡಿಯುತ್ತದಂತೆ.

ಕವಚಕ್ಕೆ ಪಾಲಿಶ್ ಮಾಡಲಾ ಎಂದು ಕೇಳಿದರು. ಎರಡರ ಗುರುತಿನ ಹೊರಗೆ ಅಂಚಿನಲ್ಲಿ ಒಂದು ಆಳದ ನೆಗ್ಗು ಇತ್ತು. ಅಪ್ಪನಿಗೆ ಫೋನ್ ಮಾಡಿದೆ. "ಅದು ಪೈಪಿನೊಳಗೆ ಕೇಬಲ್ ಎಳೆಯುವಾಗ ಆದದ್ದು. ಇರ್ಲಿ" ಎಂದರು. ಇರಲಿ ಎಂದೆವು.

ಮೂರು ವಾರದ ಮೇಲೆ ಹೋದಾಗ ಹಿರಿಯರು ವಾಚನ್ನು ಒಂದು ಸಣ್ಣ ಯಂತ್ರದ ಮೇಲೆ ಇಟ್ಟರು. ಅದರಲ್ಲಿ ಮೈಕು ಇರುತ್ತದೆ, ಟಿಕ್ ಟಿಕ್ ಕೇಳಿ ಲೆಕ್ಕ ಹಾಕಿ ಪರದೆಯ ಮೇಲೆ ಗೆರೆ ಎಳೆಯುತ್ತದೆ. ಅಪ್ಪನ ವಾಚು ಗಂಟೆಗೆ 21,600 ಸಲ ಬಡಿಯುತ್ತದೆ, ಸೆಕೆಂಡಿಗೆ ಆರು. ದಿನಕ್ಕೆ ಐದು ಲಕ್ಷದ ಹದಿನೆಂಟು ಸಾವಿರದ ನಾಲ್ಕುನೂರು. ಪರದೆಯಲ್ಲಿ ದಿನಕ್ಕೆ 12 ಸೆಕೆಂಡ್ ಮುಂದೆ ಎಂದು ತೋರಿಸಿತು. ಕಡಿಮೆಯಾಯಿತೇ ಎಂದು ಮುಖ ಸಣ್ಣ ಮಾಡಬೇಡಿ, ದಿನದ 86,400 ಸೆಕೆಂಡಿನಲ್ಲಿ 12. ನನ್ನ ಯಾವ ಪ್ರೋಗ್ರಾಮೂ ನಲವತ್ತು ವರ್ಷದ ಮೇಲೆ ಅಷ್ಟು ಸರಿ ಇರುವುದಿಲ್ಲ. ಬಿಡಿ, ನಲವತ್ತು ವರ್ಷ ಇರುವುದೇ ಇಲ್ಲ.

ಹೊರಡುವಾಗ ಎರಡು ಮಾತು ಹೇಳಿದರು. ರಾತ್ರಿ ಒಂಬತ್ತರಿಂದ ಬೆಳಗಿನ ಜಾವ ನಾಲ್ಕರವರೆಗೆ ತಾರೀಕು ತಿರುಗಿಸಬಾರದು, ಆ ಹೊತ್ತಿಗೆ ಒಳಗಿನ ಹಲ್ಲು ತಾನೇ ತಾರೀಕು ಬದಲಿಸುತ್ತಾ ಇರುತ್ತದೆ, ಬಲವಂತ ಮಾಡಿದರೆ ಮುರಿಯುತ್ತದೆ. ಹೊಸ ರಬ್ಬರ್ ಹಾಕಿದ್ದೇನೆ ಎಂದು ನೀರಿಗೆ ಹಾಕಬಾರದು.

ಎರಡು ದಿನ ನಾನೇ ಕಟ್ಟಿ ನೋಡಿದೆ. ಗಂಟೆ ಹಿಡಿದ ಹಾಗೆ ನಡೆಯಿತು. ಮೂರನೆಯ ದಿನ ಬೆಳಿಗ್ಗೆ ಅಪ್ಪನ ಎಡಗೈಗೆ ಕಟ್ಟಿದೆ. ಅವರು ಜೀವಮಾನವಿಡೀ ಕಟ್ಟಿದ್ದು ಅದೇ ಕೈಗೆ. ಮಧ್ಯಾಹ್ನ ಊಟದ ಹೊತ್ತಿಗೆ ಮೂರು ಸಲ ಗಂಟೆ ಹೇಳಿದರು, ಯಾರೂ ಕೇಳದೆ.

ಅದರ ಮರುದಿನ ಬೆಳಿಗ್ಗೆ ವಾಚು ನಿಂತಿತ್ತು. ಅಲ್ಲಾಡಿಸಿ ಕೊಟ್ಟೆ, ನಡೆಯಿತು. ರಾತ್ರಿ ಮತ್ತೆ ನಿಂತಿತು. ನಾಲ್ಕು ದಿನ ಇದೇ ಕಥೆ. ಅಪ್ಪ ಏನೂ ಹೇಳಲಿಲ್ಲ, ಬಿಚ್ಚಿ ತಲೆದಿಂಬಿನ ಪಕ್ಕ ಇಟ್ಟರು.

ಸಿಟ್ಟಿನಲ್ಲೇ ಉಡುಪಿಗೆ ಹೋದೆ. ಹಿರಿಯರು ಯಂತ್ರದ ಮೇಲಿಟ್ಟು ನೋಡಿದರು, ಗೆರೆ ನೇರ ಇತ್ತು. ತಮ್ಮ ಕೈಗೆ ಕಟ್ಟಿಕೊಂಡು ಒಂದು ವಾರ ಬಿಟ್ಟು ಬನ್ನಿ ಎಂದರು. ವಾರ ಬಿಟ್ಟು ಹೋದರೆ ಒಂದು ನಿಮಿಷವೂ ನಿಂತಿಲ್ಲ. ನಮ್ಮ ಕೆಲಸದಲ್ಲಿ ಒಂದು ಹಳೇ ಹಾಸ್ಯ ಇದೆ. ಪ್ರೋಗ್ರಾಮ್ ಕೆಲಸ ಮಾಡುತ್ತಿಲ್ಲ ಎಂದು ಗ್ರಾಹಕ ದೂರಿದರೆ, ನನ್ನ ಕಂಪ್ಯೂಟರಿನಲ್ಲಿ ಸರಿ ಇದೆಯಲ್ಲ ಎನ್ನುವುದು. ಅದನ್ನೇ ಈಗ ನಾನು ಗ್ರಾಹಕನ ಜಾಗದಲ್ಲಿ ನಿಂತು ಕೇಳುತ್ತಿದ್ದೆ.

"ಅಂಕಲ್, ಮನೆಯಲ್ಲಿ ದಿನಾ ನಿಲ್ತದೆ."

ಅವರು ಕನ್ನಡಿ ಕಣ್ಣಿನಿಂದ ತೆಗೆದರು. "ಕಟ್ಟುವುದು ಯಾರು?"

"ಅಪ್ಪ."

"ಪ್ರಾಯ?"

"ಅರವತ್ತೇಳು."

"ಏಳೆದ್ದು ಓಡಾಡ್ತಾರಾ?"

ಹೇಳಿದೆ. ಸ್ಟ್ರೋಕ್ ಆದದ್ದು, ಕೋಲು ಹಿಡಿದು ಮನೆಯೊಳಗೆ ನಡೆಯುವುದು, ಎಲ್ಲ.

"ಯಾವ ಕೈ?"

ಎಡಗೈ ಎನ್ನುವಾಗಲೇ ನನಗೆ ಗೊತ್ತಾಯಿತು. ರೋಟರ್, ಮ್ಯಾಜಿಕ್ ಲಿವರ್, ಕೀ ಇಲ್ಲದ ತಿರುಪು, ಎಲ್ಲವನ್ನೂ ಓದಿ, ನೋಡಿ, ಗೆಳೆಯರಿಗೆಲ್ಲ ವಿವರಿಸಿಯೂ ಆಗಿತ್ತು. ಅಲ್ಲಾಡದ ಕೈಗೆ ಅದನ್ನು ಕಟ್ಟಿ ಉಡುಪಿಯವರೆಗೆ ದೂರು ಕೊಡಲು ಬಂದಿದ್ದೆ. ನಾಲ್ಕು ದಿನ ಅಪ್ಪ ಸುಮ್ಮನಿದ್ದದ್ದು ಯಾಕೆಂದೂ ಆಗಲೇ ಹೊಳೆಯಿತು. ದುಬೈಯಲ್ಲಿ ಇಪ್ಪತ್ತೈದು ವರ್ಷಕ್ಕೂ ಮಿಕ್ಕಿ ಆ ವಾಚು ಕಟ್ಟಿದವರು. ಅದು ಹೇಗೆ ನಡೆಯುತ್ತದೆಂದು ನನಗಿಂತ ಮೊದಲೇ ಗೊತ್ತಿತ್ತು.

"ಬಲಗೈಗೆ ಕಟ್ಟಿ" ಎಂದರು ಹಿರಿಯರು. ದುಡ್ಡು ತೆಗೆದುಕೊಳ್ಳಲಿಲ್ಲ.

ಮನೆಗೆ ಬಂದು ಹೇಳಿದೆ. ಅಪ್ಪ ಬಲಗೈ ಕೊಟ್ಟರು. ಆ ಕೈಯಲ್ಲೇ ಕೋಲು ಹಿಡಿಯುವುದು, ಊಟ ಮಾಡುವುದು, ಎಲ್ಲ. ವಾಚಿಗೆ ಬೇಕಾದಷ್ಟು ಸಿಕ್ಕಿತು, ಮರುದಿನವೂ ನಡೆಯುತ್ತಿತ್ತು, ಅದರ ಮರುದಿನವೂ. ನನ್ನ ಮಟ್ಟಿಗೆ ಕೆಲಸ ಮುಗಿದಿತ್ತು.

ಹದಿನೈದು ದಿನ ಕಳೆದ ಮೇಲೆ ನೋಡಿದರೆ ವಾಚು ಮತ್ತೆ ಎಡಗೈಯಲ್ಲಿ. ಅಮ್ಮನ ಹತ್ತಿರ ಕಟ್ಟಿಸಿಕೊಂಡಿದ್ದರು.

"ನಿಲ್ತದಲ್ಲ ಅಪ್ಪ."

"ನಿಲ್ಲಲಿ. ಎಷ್ಟು ಗಂಟೆಗೆ ನಿಲ್ತದೆ ನೋಡುವ."

ಫಿಸಿಯೋಥೆರಪಿಯ ಹುಡುಗಿ ವಾರಕ್ಕೆ ಮೂರು ದಿನ ಬರುತ್ತಾಳೆ. ಎಡಗೈಯನ್ನು ಮುಂದೆ ಹಿಂದೆ ತೂಗಿಸುವುದು, ಮೇಜಿನ ಮೇಲೆ ಬಟ್ಟೆ ಇಟ್ಟು ಒರೆಸಿದ ಹಾಗೆ ಸರಿಸುವುದು, ಇಂಥದ್ದೆಲ್ಲ ಮಾಡಿಸುತ್ತಾಳೆ. ಅಪ್ಪ ಮೊದಲು ಹತ್ತು ಸಲ ಮಾಡಿ ಸಾಕು ಎನ್ನುತ್ತಿದ್ದರು. ಈಗ ಅವಳು ಇಲ್ಲದ ದಿನವೂ ಚಾವಡಿಯಲ್ಲಿ ಕೂತು ಮಾಡುತ್ತಾರೆ. ಕೈ ಸರಿಯಾಗಿ ಸರಿದರೆ ರೋಟರ್ ತಿರುಗಿದ್ದು ಮೆಲ್ಲಗೆ ಕೇಳುತ್ತದಂತೆ, ಸರಿಯದಿದ್ದರೆ ಕೇಳುವುದಿಲ್ಲ. ಬೆಳಿಗ್ಗೆ ಆರೂವರೆಗೆ ನಾನು ನಾಲ್ಕು ಸಲ ಅಲ್ಲಾಡಿಸಿ, ಗಂಟೆ ಸರಿ ಮಾಡಿ ಕಟ್ಟುತ್ತೇನೆ. ನಾಲ್ಕೇ ಸಲ, ಐದನೆಯದ್ದಕ್ಕೆ ಬಯ್ಯುತ್ತಾರೆ. ರಾತ್ರಿ ಒಂಬತ್ತೂವರೆಗೆ ಬಿಚ್ಚಿ ದಿಂಬಿನ ಪಕ್ಕ ಇಡುವುದು. ಮುಳ್ಳು ನಿಂತ ಗಂಟೆಯನ್ನು ಮರುದಿನ ಬೆಳಿಗ್ಗೆ ಬಲಗೈಯಿಂದ ಗೋಡೆಯ ಕ್ಯಾಲೆಂಡರಿನ ಚೌಕದಲ್ಲಿ ಬರೆಯುತ್ತಾರೆ.

ಮೊದಲ ವಾರವೆಲ್ಲ ಹತ್ತೂವರೆ, ಹನ್ನೊಂದು. ಒಂದು ದಿನ ಬಿಚ್ಚುವ ಮೊದಲೇ ನಿಂತಿತ್ತು, ಆ ಚೌಕ ಖಾಲಿ ಬಿಟ್ಟಿದ್ದಾರೆ. ನಂತರ ಹನ್ನೆರಡು ದಾಟಿತು. ಹನ್ನೆರಡು ದಾಟಿದ ಮೇಲೆ ಒಂದು ತಮಾಷೆ ಇದೆ. ವಾರದ ಚಕ್ರದಲ್ಲಿ ಇಂಗ್ಲಿಷ್, ಅರಬ್ಬಿ ಎರಡೂ ಒಂದರ ಪಕ್ಕ ಒಂದು ಇರುವುದರಿಂದ, ಅದು ಒಂದು ಹೆಸರಿನಿಂದ ಮುಂದಿನ ದಿನದ ಹೆಸರಿಗೆ ಹೋಗುವಾಗ ನಡುವೆ ಇನ್ನೊಂದು ಭಾಷೆ ಸ್ವಲ್ಪ ಹೊತ್ತು ಕಿಟಕಿಯಲ್ಲಿ ನಿಲ್ಲುತ್ತದೆ. ಈಗ ನಾವು ಇಟ್ಟಿರುವುದು ಇಂಗ್ಲಿಷಿನಲ್ಲಿ. ನಡುರಾತ್ರಿ ದಾಟಿ ನಿಂತ ದಿನ ಬೆಳಿಗ್ಗೆ ನೋಡಿದರೆ ಕೆಲವೊಮ್ಮೆ ಕಿಟಕಿಯಲ್ಲಿ ಅರಬ್ಬಿ ಇರುತ್ತದೆ. "ನೋಡು, ನಿನ್ನ ಹಕ್ಕಿ" ಎನ್ನುತ್ತಾರೆ ಅಪ್ಪ.

ಹೋದ ವಾರದ ಚೌಕಗಳಲ್ಲಿ 1.40, 2.15, 1.50, ಮತ್ತೆ 2.35. ಶನಿವಾರ ಜ್ವರ ಬಂದು ಮಲಗಿದ್ದರು, 10.10. ಮೊನ್ನೆ ಬೆಳಿಗ್ಗೆ ನಾನು ಏಳುವ ಮೊದಲೇ ಅಮ್ಮನ ಕೈಯಿಂದ ಪೆನ್ನು ತರಿಸಿಕೊಂಡು ಬರೆದಿದ್ದರು, ಅಕ್ಷರ ಸ್ವಲ್ಪ ದೊಡ್ಡದಾಗಿ: 4.20.